ಅಜ್ಜಿಯ ಮನೆಗೆ ಸರದಿ

ಬೆಳಗಿನ ಮಳೆ ನಿಂತ ಮೇಲೆ ಸೊಸೆ ತಿಂಡಿ ತಂದು ಬಾಗಿಲು ತಳ್ಳಿದಾಗ ಅಜ್ಜಿ ಹಾಸಿಗೆಯಲ್ಲಿ ತಣ್ಣಗಾಗಿದ್ದಳು. ಮುಖದ ಮೇಲೆ ದಿಂಬು.

ಸರಕಾರಿ ವಸತಿಯ ಒಂಟಿ ಕೋಣೆ. ಇದ್ದವರು ಸತ್ತರೆ ಮಾತ್ರ ಅಲ್ಲಿ ಮನೆ ಖಾಲಿಯಾಗುವುದು. ಸರದಿಯಲ್ಲಿ ಮುಂದಿದ್ದವರಿಗೆ ಹೋಗುವುದು. ಹೊಸದು ಕಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಪೇದೆಯಾದ ನಾನು ನೇರ ಮೆಟ್ಟಿಲು ಹತ್ತಿದೆ. ಇನ್ಸ್‌ಪೆಕ್ಟರಮ್ಮ ಮಾತ್ರ ಅಂಗಳದ ನಲ್ಲಿಯ ಬಳಿ ಬಗ್ಗಿ, ಸಾಲುಗಟ್ಟಿದ್ದ ಕೊಡಗಳ ಒಳಗೆಲ್ಲಾ ಕೈಯಾಡಿಸಿ ಬಂದರು.

"ಅತ್ತೆ ಜೊತೆ ಜಗಳವಂತೆ?" ಸೊಸೆಯನ್ನು ಕೇಳಿದರು.

"ದಿನಾ ಆಡ್ತಿದ್ವಿ. ಜಗಳಕ್ಕೆಲ್ಲಾ ಕೊಲ್ಲೋದಾದ್ರೆ ಈ ವಠಾರದಲ್ಲಿ ಒಬ್ಬ ಅತ್ತೇನೂ ಉಳೀತಿರ್ಲಿಲ್ಲ ಮೇಡಂ."

"ಮನೆ ನಿಮಗೆ ಬರುತ್ತಾ?"

"ಬೇರೆ ಇದ್ದೀವಲ್ಲ, ನಮಗೆಲ್ಲಿ? ಹೊಲಿಗೆಯವಳದು ಸರದಿ."

"ಅಲ್ಲೊಂದು ಕೊಡ ಮಗುಚಿದೆ—"

"ಅತ್ತೇದು. ಸತ್ತೋರ ಕೊಡ ಹಾಗೆ ಮಗುಚಿಡೋದು ಇಲ್ಲಿ ರೂಢಿ. ಆ ಮನೆಗೆ ಇನ್ನು ನೀರಿಲ್ಲ ಅಂತ."

ಹೊಲಿಗೆಯವಳು ಮೆಟ್ಟಿಲ ಕೆಳಗೆ ಗೋಣಿಪರದೆ ಕಟ್ಟಿಕೊಂಡಿದ್ದಳು. ಮಗುವಿನ ಕಾಲ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತು?"

"ಇಲಿ ಕಚ್ಚಿತು."

"ಅಜ್ಜಿ ಸತ್ತಿದ್ದು ಯಾವಾಗ ಗೊತ್ತಾಯ್ತು?"

"ಸೊಸೆ ಕಿರುಚಿಕೊಂಡಾಗಲೇ. ಪಾಪ, ನಂಗೆ ತಾಯಿ ಹಾಗಿದ್ರು. ಅವರ ಕೊಡಾನೂ ದಿನಾ ನಾನೇ ಇಡ್ತಿದ್ದೆ."

"ಇವತ್ತೂ?"

"ಇವತ್ತೂ. ಬೆಳಕು ಹರಿಯೋ ಮುಂಚೆ, ಮಳೆ ಹನಿಯೋ ಮುಂಚೆ."

ಇನ್ಸ್‌ಪೆಕ್ಟರಮ್ಮ ನಲ್ಲಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಎಲ್ಲರ ಕೊಡದ ತಳದಲ್ಲೂ ಮಳೆನೀರಿದೆ. ಅಜ್ಜಿಯದು ಒಳಗೆಲ್ಲಾ ಒಣಗಿದೆ. ಸೊಸೆ ಬಾಗಿಲು ತೆಗೆದದ್ದು ಮಳೆ ನಿಂತ ಮೇಲೆ. ಕೊಡ ಮಗುಚಿದ್ದು ಮಳೆಗೆ ಮೊದಲು. ಅಜ್ಜಿ ಸತ್ತದ್ದು ಆಗ ಯಾರಿಗೆ ಗೊತ್ತಿತ್ತು? ಕೊಂದವರಿಗೆ ಮಾತ್ರ. ಕೊಡ ಇಟ್ಟವಳು ನೀನು, ಕೊಂದವಳೂ ನೀನು."

ಹೊಲಿಗೆಯವಳು ಅಳಲಿಲ್ಲ.

"ಕೈ ಅದರ ಪಾಡಿಗೆ ಮಗುಚಿಬಿಡ್ತು ಮೇಡಂ. ಸರದಿ ಕಾಯ್ತಾ ಎಷ್ಟು ಸತ್ತೋರ ಕೊಡ ಮಗುಚಿದೀನಿ! ಮುದುಕಿ ದಿನಾ ಮೇಲಿಂದ ಬಗ್ಗಿ ನಗೋಳು— 'ಕಾಯ್ತಾ ಇರೇ, ನನಗೇನೂ ಅವಸರ ಇಲ್ಲ' ಅಂತ. ಇಲಿಗೆ ಅವಸರ ಇತ್ತಲ್ಲ?"

ಅವಳನ್ನು ಜೀಪು ಹತ್ತಿಸಿದೆವು. ಜನ ಸುತ್ತ ನೆರೆದರು. ಸರದಿಯಲ್ಲಿ ಎರಡನೆಯವಳಾದ ಇಸ್ತ್ರಿಯವನ ಹೆಂಡತಿ ನುಗ್ಗಿ ಬಂದಳು.

"ಇವಳ ಹೆಸರು ಹೊಡೆದುಹಾಕ್ತಾರೆ ತಾನೆ? ಮನೆ ಈಗ ನಮಗೇ ತಾನೆ?"

ಇನ್ಸ್‌ಪೆಕ್ಟರಮ್ಮ ಜೀಪಿನ ಬಾಗಿಲು ಹಾಕಿದರು. ಹಿಂದಿನಿಂದ ಇನ್ನೊಬ್ಬ ನನ್ನ ತೋಳು ಜಗ್ಗಿದ.

"ಅಣ್ಣಾ, ಮೆಟ್ಟಿಲ ಕೆಳಗಿನ ಜಾಗ ಯಾರಿಗೆ?"

ನಾನು ಅತ್ತ ನೋಡಿದೆ. ಯಾರೋ ಆಗಲೇ ಗೋಣಿಪರದೆ ಬಿಚ್ಚುತ್ತಿದ್ದರು. ಮಗು ಇನ್ನೂ ಒಳಗಿತ್ತು.