ರೀಲಿಗೆ ಬಿದ್ದ ನೂಲಿನ ಗಂಟು

ಜನವರಿ ಹನ್ನೆರಡು, ಸೋಮವಾರ. ಬನಹಟ್ಟಿ ಠಾಣೆಗೆ ಬಂದ ನೇಕಾರರ ಸಂಘದ ಅಧ್ಯಕ್ಷ ಶಿದ್ರಾಮಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದ.

“ಮುಷ್ಕರದ ಸಾಕ್ಷ್ಯಚಿತ್ರ ಕಳುವಾಗೇತ್ರಿ ಮೇಡಂ. ಇದ್ದದ್ದು ಅದೊಂದ ಕ್ಯಾಸೆಟ್. ಬರೂ ಐತವಾರ ಮಂದಿಗೆ ತೋರಸೋದಿತ್ತು.”

ಇಪ್ಪತ್ತೆಂಟು ವರ್ಷದ ಹಿಂದಿನ ನೇಕಾರರ ಮುಷ್ಕರ ಅದು. ಇನ್ಸ್‌ಪೆಕ್ಟರ್ ದಾನೇಶ್ವರಿ ಎಫ್‌ಐಆರ್ ದಾಖಲಿಸಿ, ಪೇದೆ ಶಿವಾಜಿಯೊಂದಿಗೆ ಸಂಘದ ಕಚೇರಿಯಲ್ಲಿ ಪಂಚನಾಮೆ ಮಾಡಿದಳು. ಬೀಗ ಮುರಿದಿಲ್ಲ. ಟಿವಿ, ಫ್ಯಾನು ಹಾಗೇ ಇವೆ. ಹಾಕಿ ನೋಡಲು ಯಂತ್ರವೂ ಸಿಗದ ಈ ಹಳೇ ಡಬ್ಬಿ ಯಾರಿಗೆ ಬೇಕಾಗಿತ್ತು? ಅವಳಿಗೆ ತಲೆಬುಡ ತಿಳಿಯಲಿಲ್ಲ.

“ಕೀಲಿಕೈ ಯಾರ ಹತ್ರ ಅದಾವು?”

“ನನ್ನ ಹತ್ರ ಒಂದು, ಕಸಾ ಹೊಡಿಯೋ ಅನ್ನವ್ವನ ಹತ್ರ ಒಂದು.”

ಅನ್ನವ್ವನ ಮನೆಯಲ್ಲಿ ಟಿವಿಯೇ ಇಲ್ಲವೆಂದು ಶಿವಾಜಿ ಹೇಳಿದ. ಮುದುಕಿಯನ್ನು ಕೈಬಿಟ್ಟರು. ಎಡವಿದ್ದು ಅಲ್ಲೇ.

ಹಳೇ ಕ್ಯಾಸೆಟ್ ಹಾಕುವ ಯಂತ್ರ ಯಾರ ಬಳಿ ಇದೆಯೆಂದು ಹುಡುಕುತ್ತ ಮುಧೋಳ ಸುತ್ತಿದರು, ಬೀಳಗಿ ಸುತ್ತಿದರು. ಬೀಳಗಿಯಲ್ಲೊಬ್ಬ ತನ್ನ ಮದುವೆಯ ಕ್ಯಾಸೆಟ್ ತಂದು ಕೈಗಿಟ್ಟ. ಬುಧವಾರ ಜಮಖಂಡಿಯಲ್ಲಿ, ಹಳೇ ವಿಡಿಯೊ ಯಂತ್ರ ಇಟ್ಟುಕೊಂಡಿದ್ದ ರಿಪೇರಿ ಅಂಗಡಿಯ ಸುಪಾರ್ಶ್ವ ಸಿಕ್ಕ.

“ಮುದುಕಿ ಒಬ್ಬಾಕಿ ತಂದಿದ್ಲರಿ. ರೀಲು ಹರದಿತ್ತು. ಅದಕ್ಕ ನೂಲಿಗೆ ಹಾಕಿದಂಗ ಗಂಟು ಹಾಕ್ಯಾಳ! ಮಷೀನ್ದಾಗ ಸಿಕ್ಕೊಂಡ ಬಿಡ್ತು. ಅಂಜಿ ಇಲ್ಲೇ ಬಿಟ್ಟ ಹೋದ್ಲು.”

“ನಮ್ಮೂರಾಗ ಎಲ್ಲಾರೂ ಅದ ಗಂಟು ಹಾಕತಾರ್ರಿ ಮೇಡಂ,” ಎಂದ ಶಿವಾಜಿ.

“ಖರೆ. ಆದ್ರ ಕೀಲಿಕೈ ಎಲ್ಲಾರ ಹತ್ರ ಇಲ್ಲಲ್ಲ.”

ಅನ್ನವ್ವ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪೊಲೀಸರನ್ನು ಕಂಡು ರಾಟೆ ನಿಲ್ಲಿಸಿದಳು.

“ಯಾಕ ತಗೊಂಡ್ಯವ್ವಾ?”

“ರೀಲಿನ್ಯಾಗ ಚಿತ್ರ ಕಾಣತಾವಂತ ಬಿಸಲಿಗೆ ಹಿಡದೆ. ಬರೇ ಕರ್ರಗ. ಜಗ್ಗೂವಾಗ ಹರೀತು.”

“ಏನ ನೋಡೋದಿತ್ತು?”

ಮುದುಕಿಯ ಕಣ್ಣು ತುಂಬಿತು. “ಮುಷ್ಕರದಾಗ ನಮ್ಮ ಮನಿ ಮಗ್ಗ ನಡದಿತ್ತು. ನನ್ನ ಗಂಡ ಗಿರಿಮಲ್ಲಪ್ಪಗ ದ್ರೋಹಿ ಅಂದ್ರು. ಸಾಯೂತನಕ ಅನಿಸ್ಕೊಂಡ, ಬಾಯಿ ಬಿಡಲಿಲ್ಲ. ನೇದಾಕಿ ನಾನ್ರಿ. ಕೂಸು ಹಸದಿತ್ತು. ಅವತ್ತ ಕ್ಯಾಮೆರಾದಾಂವ ಕಿಟಕ್ಯಾಗ ನನ್ನ ಮಾರಿ ಹಿಡದಾನಂತ ಅಂಜಿದ್ದೆ.”

ಠಾಣೆಗೆ ಬಂದು ಬಂಧನದ ಕಾಗದಕ್ಕೆ, ಜಾಮೀನಿನ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದಳು. ಸಂಜೆ ಸುಪಾರ್ಶ್ವ ಗಂಟು ಕತ್ತರಿಸಿ, ರೀಲು ಅಂಟಿಸಿ, ಠಾಣೆಯಲ್ಲಿ ಪಂಚರೆದುರು ಕ್ಯಾಸೆಟ್ ಹಾಕಿದ. ಅನ್ನವ್ವನ ಮನೆಯ ಮುಚ್ಚಿದ ಬಾಗಿಲು. ಒಳಗೆ ಮಗ್ಗದ ಸಪ್ಪಳ. ಹೊರಗೆ ಕಟ್ಟೆಯ ಮೇಲೆ, ಮುಷ್ಕರದವರ ನಡುವೆ, ತಲೆ ತಗ್ಗಿಸಿ ಕೂತ ಗಿರಿಮಲ್ಲಪ್ಪ.

ಶಿದ್ರಾಮಪ್ಪ ಕಕ್ಕಾಬಿಕ್ಕಿಯಾದ. “ಇಂವ ಹೊರಗ ಕುಂತಾನಲ್ಲ! ಮತ್ತ ಒಳಗ ಯಾರು?”

ದಾನೇಶ್ವರಿ ಕೇಸ್ ಡೈರಿಯಲ್ಲಿ ಕಳುವಿನ ಕಾರಣದ ಸಾಲು ಖಾಲಿ ಬಿಟ್ಟಳು. ಮುದುಕಿಯ ಕಿವಿಯ ಹತ್ತಿರ ಬಾಗಿದಳು. “ನಿನ್ನ ಮಾರಿ ಇದರಾಗ ಎಲ್ಲೂ ಇಲ್ಲವ್ವಾ.”

ಅನ್ನವ್ವ ಪರದೆಯ ಮೇಲಿನ ಗಂಡನಿಂದ ಕಣ್ಣು ತೆಗೆಯಲಿಲ್ಲ.

“ಐತವಾರ ತೋರಸ್ರಿ,” ಎಂದಳು. “ಒಳಗ ಯಾರಂತ ಮಂದಿ ಕೇಳಿದ್ರ, ನಾ ಎದ್ದು ನಿಲ್ಲತೇನಿ.”