ಹತ್ತೊಂಬತ್ತು ದಿನದ ಹಸಿರು

ಸೆಕ್ಯೂರಿಟಿ ದಾಂಡಿಗನ ಕೈ ನನ್ನ ಕುತ್ತಿಗೆಯ ಮೇಲಿತ್ತು. ನನ್ನ ಕೈ ಪ್ರಿಂಟರ್ ಮೇಲಿತ್ತು.

"ಬಿಡೋ ಅದನ್ನ!"

"ಬಿಡ್ತೀನಿ... ಪ್ರಿಂಟ್ ಮುಗೀಲಿ!"

ಹಿಸುಕಿದ. ಹಿಮ್ಮಡಿಯಿಂದ ಅವನ ಕಾಲ್ಬೆರಳು ಜಜ್ಜಿದೆ. ಕಾಗದ ಕಿತ್ತುಕೊಂಡು ಓಡಿದೆ. ಎಂಟು ಮಹಡಿ... ಮೆಟ್ಟಿಲಲ್ಲೇ! ಅವನೂ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಅಟ್ಟಿಸಿಕೊಂಡು ಬಂದ. ಅಂದರೆ ಅವನಿಗೂ ಗೊತ್ತಿತ್ತು.

ಏನು ಅಂತೀರಾ? ಕೇಳಿ.

ಈ ಕಂಪನಿ ಲಿಫ್ಟ್ ಬ್ರೇಕಿನ ಸಾಫ್ಟ್‌ವೇರ್ ಬರೆಯುತ್ತದೆ. ದಿನಾ ಕಂಪ್ಯೂಟರೇ ಸಾವಿರ ಟೆಸ್ಟ್ ನಡೆಸಿ, ಫಲಿತಾಂಶದ ಫೈಲನ್ನು ತಾನೇ ಅಪ್‌ಲೋಡ್ ಮಾಡುತ್ತದೆ. ಪಾಸಾದರೆ ಪರದೆ ಹಸಿರು, ಫೇಲಾದರೆ ಕೆಂಪು. ಮ್ಯಾನೇಜರನಿಗೆ ಓದಲು ಬರುವುದು ಬಣ್ಣ ಮಾತ್ರ. ಆಫೀಸಿನವರು ಅವನನ್ನು ಹಸಿರು ಸಾಹೇಬ ಎನ್ನುತ್ತಾರೆ.

ಹೋದ ವಾರ, ಇದೇ ಸಾಫ್ಟ್‌ವೇರ್ ಇರುವ ಇಲ್ಲಿನ ಲಿಫ್ಟ್ ಎರಡು ಮಹಡಿ ಜಾರಿ ಮೆಕ್ಯಾನಿಕ್‌ನ ಕಾಲು ಮುರಿಯಿತು. ಸಾಹೇಬ ತಪ್ಪನ್ನೆಲ್ಲ ಟೆಸ್ಟರ್ ಹುಡುಗಿಯ ತಲೆಗೆ ಕಟ್ಟಿ ಹೊರಗೆ ಹಾಕಿದ. ಅವಳು ಪತ್ತೇದಾರನಾದ ನನ್ನನ್ನು ಹಿಡಿದಳು. ಇವತ್ತು ನಾಲ್ಕಕ್ಕೆ ಅದೇ ಸಾಫ್ಟ್‌ವೇರ್ ಒಂದು ಆಸ್ಪತ್ರೆಯ ಲಿಫ್ಟಿಗೆ ಹೋಗಲಿತ್ತು!

ಓಡುತ್ತಲೇ ಅವಳಿಗೆ ಫೋನ್ ಮಾಡಿ ಕಾಗದ ಓದಿದೆ.

"ಹತ್ತೊಂಬತ್ತು ದಿನ... ಟೆಸ್ಟಿಗೆ ಪ್ರತಿ ಸಲ ಸರಿಯಾಗಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್. ಎಲ್ಲಾ ಪಾಸು."

ನಮ್ಮ ಅತ್ತೆಯ ಗೊಣಗಾಟ ಕೂಡ ಇಷ್ಟು ಕರಾರುವಾಕ್ಕಾಗಿ ಮುಗಿಯುವುದಿಲ್ಲ.

"ಅಣ್ಣಾ, ಟೆಸ್ಟೇ ಓಡಿಲ್ಲ!" ಕಿರುಚಿದಳು. "ಹೊಸ ಫೈಲೇ ಹುಟ್ಟಿಲ್ಲ. ಫೋಲ್ಡರಲ್ಲಿದ್ದ ಹಳೇ ಫೈಲೇ ದಿನಾ ಅಪ್‌ಲೋಡ್ ಆಗಿದೆ!"

"ಹಳೇದನ್ನ ಅಳಿಸಲ್ವಾ?"

"ಅಳಿಸೋ ಸಾಲು ನಾನೇ ಬರೆದಿದ್ದೆ, ಹೊಸ ಫೈಲ್ ಇಲ್ಲದಿದ್ರೆ ಪರದೆ ಕೆಂಪಾಗ್ಲಿ ಅಂತ. ಯಾರೋ ತೆಗೆದಿದಾರೆ... ಕೊನೇ ಪುಟ ನೋಡಿ!"

ನೋಡಿದೆ. ತೆಗೆದವನ ಹೆಸರು ಸಾಹೇಬನದು. ಪಕ್ಕದಲ್ಲಿ ಕಾರಣ: 'ಕೆಂಪು ಬರುತ್ತಿದೆ.'

ಥೂ! ಕಳ್ಳತನ ಮಾಡಿ ಸಹಿ ಹಾಕಿ ಹೋಗುವ ಕಳ್ಳನನ್ನು ನಾನು ಇದೇ ಮೊದಲು ಕಂಡದ್ದು.

ಕೆಳಗೆ ಲಿಫ್ಟಿನ ಎದುರು ಸಾಹೇಬ ಹಲ್ಲು ಕಿರಿಯುತ್ತ ನಿಂತಿದ್ದ. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಸಹಿ ಹಾಕಲು ಪೆನ್ನು ತೆಗೆದಿದ್ದರು.

"ನೋಡಿ ಮೇಡಂ, ಎಲ್ಲಾ ಹಸಿರು!"

"ಹಾಗಾದ್ರೆ ಹತ್ತಿ ಸಾರ್," ಎಂದೆ ಏದುಸಿರು ಬಿಡುತ್ತ. "ಎಂಟನೇ ಮಹಡಿಗೆ. ಒಬ್ರೇ."

ಲಿಫ್ಟಿನ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ಹಿಂದೆ ದಾಂಡಿಗ ಬಂದು ನಿಂತ... ನನ್ನನ್ನು ಮುಟ್ಟಲಿಲ್ಲ. ಅವನಿಗೂ ನೋಡಬೇಕಿತ್ತು!

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

"ನನಗೆ... ಡಾಕ್ಟರು ಮೆಟ್ಟಿಲು ಹತ್ತೋಕೆ ಹೇಳಿದಾರೆ."

"ಯಾವ ಡಾಕ್ಟರು?" ಕೇಳಿದರು ಡಾಕ್ಟರಮ್ಮ.

ನಾನು ಕಾಗದ ಅವರ ಕೈಗಿತ್ತು, ಕೆಲಸ ಕಳಕೊಂಡ ಟೆಸ್ಟರ್ ಹುಡುಗಿಯ ವಿಷಯವನ್ನೂ ಹೇಳಿದೆ. ಓದಿದರು. ಪೆನ್ನು ಬ್ಯಾಗಿಗೆ ಹೋಯಿತು.

"ಆ ಟೆಸ್ಟರ್ ಹುಡುಗೀನ ಕರೆಸಿ. ಇನ್ಮೇಲೆ ನಾನು ಅವಳ ಹತ್ರ ಮಾತ್ರ ಮಾತಾಡೋದು."

ಸಾಹೇಬನ ಮುಖ ಕಿವಿಯವರೆಗೆ ಕೆಂಪಾಯಿತು.

ಹತ್ತೊಂಬತ್ತು ದಿನಗಳಲ್ಲಿ ಆ ಕಂಪನಿಯಿಂದ ಹೊರಬಿದ್ದ ಮೊದಲ ನಿಜವಾದ ಫಲಿತಾಂಶ ಅದು!