ತಾಮ್ರದ ಮೇಲೆ ಗೀಚಿದ ಹೆಸರು

ಬಿಂಬುಳಿಕಾಯಿಯನ್ನು ಹೋಳು ಮಾಡಿ ಹಿತ್ತಾಳೆಗೆ ಉಜ್ಜಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಹುಳಿಯದು, ಅರ್ಧ ರಕ್ತದ್ದು. ಲೂದಿಂಗ್‌ಳ ಬಾಲ್ಯಕ್ಕೆಲ್ಲ ಆ ವಾಸನೆ ಅಂಟಿಕೊಂಡಿತ್ತು. ಚರ್ಚಿನ ಮೇಣದಬತ್ತಿ ಕಂಬಗಳನ್ನು ಬೆಳಗುವ ಕೆಲಸ ಅವಳ ಅಜ್ಜಿಯದು. ಶುಕ್ರವಾರ ಮಧ್ಯಾಹ್ನ ಇಬ್ಬರೂ ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ಬೆರಳು ಸುಕ್ಕುಗಟ್ಟುವವರೆಗೆ ಉಜ್ಜುತ್ತಿದ್ದರು.

"ಮೆಲ್ಲಗೆ, ಇಂದೈ," ಎನ್ನುತ್ತಿದ್ದಳು ಅಜ್ಜಿ. "ಪ್ರತಿ ಸಲ ಬೆಳಗಿದಾಗಲೂ ಒಂಚೂರು ಹಿತ್ತಾಳೆ ಬಟ್ಟೆಗೆ ಹೋಗುತ್ತೆ."

ಇಂದೈ ಅಂದರೆ ಆ ಊರಲ್ಲಿ ಮಗು. ಪ್ರೀತಿಯ ಹುಡುಗಿಯನ್ನೂ ಹಾಗೇ ಕರೆಯುತ್ತಾರೆ.

ಅಜ್ಜಿ ತೀರಿಕೊಂಡ ಮೇಲೆ ಚರ್ಚಿಗೆ ಸ್ಟೀಲ್ ಕಂಬಗಳು ಬಂದವು. ಲೂದಿಂಗ್ ಇಲೊಯಿಲೊ ಎಂಬ ಬಂದರು ಪೇಟೆಯಲ್ಲಿ ತಿಯೊ ಆಂದೊಯ್‌ನ ವೇಪ್ ಅಂಗಡಿ ಸೇರಿದಳು. ಊರಿಗೆಲ್ಲ ಮಾವನಂತಿದ್ದ ಆ ಮುದುಕ ಲೇತಿನಲ್ಲಿ ತಾಮ್ರದ, ಹಿತ್ತಾಳೆಯ ಕೊಳವೆಗಳನ್ನು ಕಡೆಯುತ್ತಿದ್ದ. ಒಳಗೊಂದು ಬ್ಯಾಟರಿ, ಮೇಲೊಂದು ತಂತಿಯ ಸುರುಳಿ, ಅಡಿಯಲ್ಲೊಂದು ಗುಂಡಿ. ಒತ್ತಿ ಸೇದಿದರೆ ಆವಿ. ಲೂದಿಂಗ್ ಒಮ್ಮೆಯೂ ಸೇದಿದವಳಲ್ಲ. ಅವಳ ಕೆಲಸ ಪಾಲಿಶ್. ಅವಳ ಕಣ್ಣಿಗೆ ಅವೆಲ್ಲ ಪುಟ್ಟ ಪುಟ್ಟ ಮೇಣದಬತ್ತಿ ಕಂಬಗಳು.

ಡೆಲ್ಫಿನ್ ಮೊದಲ ಸಲ ಬಂದದ್ದು ಒಂದು ಬೆಳಿಗ್ಗೆ. ಹಡಗಿನ ಎಂಜಿನ್ ರೂಮಿನಲ್ಲಿ ಅವನ ಕೆಲಸ. ಹತ್ತು ತಿಂಗಳು ಸಮುದ್ರ, ಎರಡು ತಿಂಗಳು ಊರು. ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರದ ಕೊಳವೆಯನ್ನು ಅವಳ ಮುಂದಿಟ್ಟ. ಅದರ ಮೇಲೆ ಅಡ್ಡಾದಿಡ್ಡಿ ಗೀರುಗಳಿದ್ದವು. ಅವಳು ಉಜ್ಜುಕಾಗದಕ್ಕೆ ಕೈ ಹಾಕಿದಳು.

"ಆ ಗೀರು ಮುಟ್ಟಬೇಡ," ಅಂದ.

"ಗೀರು ಬಿಟ್ರೆ ಹೊಳಪು ಹೇಗೆ ಬರುತ್ತೆ, ನೋಂಗ್?" ನೋಂಗ್ ಅಂದರೆ ಅಣ್ಣ; ಗುರುತಿಲ್ಲದ ಗಂಡಸರನ್ನು ಕರೆಯುವುದೇ ಹಾಗೆ.

"ಅದು ಗೀರಲ್ಲ. ನನ್ನ ಹೆಂಡತಿ."

ಅವಳು ಕೊಳವೆಯನ್ನು ಬೆಳಕಿಗೆ ತಿರುಗಿಸಿದಳು. ಗೀರುಗಳು ಇಂಗ್ಲಿಷಿನ ಐದು ಅಕ್ಷರಗಳಾದವು. ನಿಂಫಾ.

ಆಮೇಲೆ ಆಂದೊಯ್ ಹೇಳಿದ. ಕೊಳವೆ ಕೊಂಡ ದಿನ ನಿಂಫಾ ಇದೇ ಬೆಂಚಿನ ಮೇಲೆ ಕೂತು, ಮುದುಕನ ಕೈಯಿಂದ ಗೀಚುಮೊಳೆ ಕಿತ್ತುಕೊಂಡು, ನಗುತ್ತಾ ತಾನೇ ಬರೆದಿದ್ದಳಂತೆ. ಮಾರನೆಯ ವರ್ಷ ಜ್ವರ ಬಂದು ಹೋಗಿಬಿಟ್ಟಳು. ಹಡಗು ನಡುಸಮುದ್ರದಲ್ಲಿತ್ತು. ಡೆಲ್ಫಿನ್ ಊರು ಮುಟ್ಟುವಾಗ ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿದಿತ್ತು.

ಅಂದಿನಿಂದ ಲೂದಿಂಗ್ ಆ ಕೊಳವೆಗೆಂದೇ ಒಂದು ಕ್ರಮ ಮಾಡಿಕೊಂಡಳು. ಬ್ಯಾಟರಿ ತೆಗೆದು, ಭಾಗ ಭಾಗ ಬಿಚ್ಚಿ, ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆಯುವುದು. ತಿರುಪಿನ ಸಂದುಗಳಿಗೆ ಮೆತ್ತನೆ ಹಲ್ಲುಜ್ಜುವ ಬ್ರಶ್. ಹಸಿರಿಗೆ ಬಿಂಬುಳಿ ರಸ. ಹೆಸರಿನ ಮೇಲೆ ಟೇಪು ಅಂಟಿಸಿ, ಸುತ್ತಲೂ ಹತ್ತಿಚಕ್ರದಲ್ಲಿ ಪಾಲಿಶ್. ಕೊನೆಗೆ ತೆಳುವಾಗಿ ಮೇಣ. ಕೈಗೆ ಸದಾ ಗ್ಲೌಸು. ಬರಿಗೈ ತಾಗಿದರೆ ನಾಳೆಗೆ ತಾಮ್ರದ ಮೇಲೆ ಬೆರಳಚ್ಚು ಏಳುತ್ತದೆ. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಒಮ್ಮೆಯೂ ಬರಿಗೈಯಲ್ಲಿ ಮುಟ್ಟಿರಲಿಲ್ಲ.

ಆದರೆ ಟೇಪು ಕಿತ್ತಾಗ ಹೆಸರಿನ ಸುತ್ತ ಮಾತ್ರ ಮಂಕು ಉಳಿಯುತ್ತಿತ್ತು. ಹೊಳೆಯುವ ತಾಮ್ರದ ನಡುವೆ ಆ ಮಂಕನ್ನು ಕಂಡರೆ ಅವನ ಮುಖ ಬಾಡೀತು ಅನಿಸಿ, ಕೊನೆಗೊಮ್ಮೆ ಪಾಲಿಶ್ ಅದ್ದಿದ ಮೆತ್ತನೆ ಬಟ್ಟೆಯಿಂದ ಹೆಸರಿನ ಮೇಲೂ ಸವರುತ್ತಿದ್ದಳು. ಒಂದೇ ಸಲ, ಉಸಿರು ಬಿಗಿಹಿಡಿದು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಮೂರು ತಾಸಿನ ಕೆಲಸ. ಅಷ್ಟು ಹೊತ್ತೂ ಅವನು ಎದುರಿನ ಸ್ಟೂಲ್ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಇಂದೈ, ನಿನ್ನ ಮೂಗಿನ ಮೇಲೆ ಕಪ್ಪು."

"ಎಲ್ಲಿ?"

"ಹೇಳಲ್ಲ. ಇರ್ಲಿ ಬಿಡು, ಒಪ್ಪುತ್ತೆ."

ಲೇತಿನ ಹಿಂದಿನಿಂದ ಆಂದೊಯ್ ಕೆಮ್ಮುತ್ತಿದ್ದ. ಎಂಜಿನ್ ನೋಡ್ಕೊಳ್ಳೋನಿಗೆ ಮಸಿ ಕಂಡ್ರೆ ಪ್ರೀತಿ ಉಕ್ಕದೆ ಇರುತ್ತಾ ಅನ್ನುತ್ತಿದ್ದ. ಲೂದಿಂಗ್‌ಳ ಕಿವಿ ಹೊಸದಾಗಿ ಬೆಳಗಿದ ತಾಮ್ರದಷ್ಟೇ ಕೆಂಪಗಾಗುತ್ತಿತ್ತು.

ಹಡಗಿಗೆ ಹೊರಡುವ ದಿನ ಅವನು ಮೇಣ ಹಚ್ಚಿಸಲು ಇನ್ನೊಮ್ಮೆ ಬರುತ್ತಿದ್ದ. ಅವಳು ದಾರಿಗೆಂದು ಸ್ಟೀಲ್ ಡಬ್ಬಿಯಲ್ಲಿ ಊಟ ಕೊಡುತ್ತಿದ್ದಳು: ಅನ್ನ, ಜೊತೆಗೆ ತೊಗರಿಕಾಳು, ಎಳೆ ಹಲಸು, ಹಂದಿಮಾಂಸ ಹಾಕಿ ಕುದಿಸಿದ ಹುಳಿ. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಆ ಕಡೆ ಇಲ್ಲ. ಮುಂದಿನ ವರ್ಷ ಡಬ್ಬಿ ಮರಳುವಾಗ ಅದರಲ್ಲಿ ಯಾವುದೋ ಬಂದರಿನ ಒಣಹಣ್ಣು, ಒಂದು ಸೋಪು, ಒಂದು ಶಂಖ ಇರುತ್ತಿತ್ತು. ಅವುಗಳಿಗಿಂತ ಅವಳಿಗೆ ಡಬ್ಬಿಯೇ ಹೆಚ್ಚು. ಡಬ್ಬಿ ಅವನ ಹತ್ತಿರವಿದೆ ಅಂದರೆ ಅವನು ಬಂದೇ ಬರುತ್ತಾನೆ.

ಐದನೆಯ ವರ್ಷ ಟೇಪು ಕಿತ್ತಾಗ ಕೊನೆಯ ಅಕ್ಷರ ಅವಳ ಕಣ್ಣಿಗೆ ಸಿಗಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದ ಮೇಲೆ ಕಂಡಿತು. ಬೆಂಚಿನ ಮೇಲಿನ ಬಟ್ಟೆ ನೋಡಿದಳು. ಅದರಲ್ಲಿ ಕಪ್ಪು ಕಲೆಯಿತ್ತು. ಅಜ್ಜಿಯ ಮಾತು ನೆನಪಾಯಿತು.

ಹೇಳಬೇಕಿತ್ತು. ಹೇಳಿದರೆ ಪಾಲಿಶ್ ನಿಲ್ಲುತ್ತದೆ. ಪಾಲಿಶ್ ನಿಂತರೆ ಹೆಂಡತಿ ಸತ್ತ ಗಂಡಸು ಈ ಅಂಗಡಿಯ ಮೆಟ್ಟಿಲು ಹತ್ತಲು ಯಾವ ನೆಪ ಉಳಿಯುತ್ತದೆ? ಕೊನೆಯ ಆ ಸವರುವಿಕೆಯನ್ನಾದರೂ ಬಿಡಬಹುದಿತ್ತು. ಬಿಟ್ಟರೆ ಮಂಕು ಕಾಣುತ್ತದೆ, ಈ ಸಲ ಯಾಕೆ ಹೀಗೆ ಎಂದು ಅವನು ಕೇಳುತ್ತಾನೆ. ಅವಳು ಸವರಿದಳು. ಆರನೆಯ ವರ್ಷವೂ ಸವರಿದಳು.

ಏಳನೆಯ ವರ್ಷ ಅವನು ಬಂದಾಗ ಕಿವಿಯ ಬಳಿ ಕೂದಲು ನರೆತಿತ್ತು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, "ಆಮೇಲೆ ತೆಗೆದು ನೋಡು, ಈಗ್ಲೇ ಬೇಡ," ಅಂದ. ನಾಚಿದವನ ಹಾಗೆ ನಕ್ಕ. ಅವಳು ಬಿಂಬುಳಿ ರಸ ಅದ್ದಿ ಹಸಿರು ಒರೆಸಿದಳು. ಟೇಪು ಅಂಟಿಸಲು ಹೆಸರು ಹುಡುಕಿದಳು. ಕೊಳವೆಯನ್ನು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು. ಮೊದಲ ಅಕ್ಷರದ ಒಂದು ಕಾಲು ಮಾತ್ರ ಉಳಿದಿತ್ತು, ಕೂದಲೆಳೆಯಷ್ಟು.

"ಏನಾಯ್ತು, ಇಂದೈ?"

ಅವಳು ಗ್ಲೌಸು ಕಳಚಿಟ್ಟಳು. ಎಲ್ಲವನ್ನೂ ಹೇಳಿದಳು: ಕೊನೆಯಲ್ಲೊಮ್ಮೆ ಸವರುತ್ತಿದ್ದದ್ದು, ಐದನೆಯ ವರ್ಷವೇ ಗೊತ್ತಾಗಿದ್ದು, ಗೊತ್ತಾಗಿಯೂ ಬಾಯಿ ಬಿಡದಿದ್ದದ್ದು. ಅವನು ಕೊಳವೆ ತೆಗೆದುಕೊಂಡು ಹೆಬ್ಬೆರಳನ್ನು ಹೆಸರಿದ್ದ ಜಾಗದಲ್ಲಿ ನಿಧಾನವಾಗಿ ಆಡಿಸಿದ.

"ಹಡಗಲ್ಲಿ ಸುಮಾರು ದಿನದಿಂದ ಬೆರಳಿಗೆ ಸಿಗ್ತಿರ್ಲಿಲ್ಲ," ಅಂದ. "ನನ್ನ ಕೈಯೇ ಒರಟಾಯ್ತು ಅಂದ್ಕೊಂಡಿದ್ದೆ."

ಲೇತು ನಿಂತಿತು. ಆಂದೊಯ್ ಕೈ ಒರೆಸಿಕೊಳ್ಳುತ್ತ ಬಂದು, ಈಗ ಮೆಷಿನ್ ಇದೆ, ಐದು ನಿಮಿಷದಲ್ಲಿ ಮತ್ತೆ ಕೆತ್ತಿಕೊಡ್ತೀನಿ ಅಂದ.

"ಅವಳ ಕೈಬರಹ ನಿಮ್ಮ ಮೆಷಿನ್‌ಗೆ ಗೊತ್ತಾ, ತಿಯೊ?" ಡೆಲ್ಫಿನ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಎನಿಸಿತು ಲೂದಿಂಗ್‌ಗೆ. ಮುದುಕ ತಲೆ ತಗ್ಗಿಸಿ ಹಿತ್ತಿಲ ಕಡೆ ಹೋದ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

ಏಳು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿತ್ತು. ಬೀದಿಯಲ್ಲಿ ಜನ ತುಂಬಿದ ಒಂದು ಜೀಪ್ನಿ ಹಾರ್ನ್ ಹಾಕುತ್ತ ಹೋಯಿತು. ಅವನು ಈ ಸಲ ಕ್ಯಾಲೆಂಡರ್ ಕಡೆ ನೋಡಲಿಲ್ಲ.

"ತಾಮ್ರ ಹಸಿರಾದ್ರೂ ಸೇದೋಕೆ ಬರುತ್ತೆ, ಇಂದೈ," ಅಂದ. "ಹಡಗಲ್ಲಿ ಯಾರೂ ಪಾಲಿಶ್ ಮಾಡ್ಸಲ್ಲ. ನಾನು ಪ್ರತಿ ವರ್ಷ ಇದನ್ನ ಯಾಕೆ ತರ್ತಿದ್ದೆ ಅಂದ್ಕೊಂಡೆ?"

ಆ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು. ಈಗ ಬಂದದ್ದು ಹೀಗೆ.

"ನೀನೊಬ್ಳೇ ಅಳಿಸ್ಲಿಲ್ಲ," ಅಂದ ಅವನು ಎದ್ದು ನಿಂತು. "ಇಬ್ರೂ ಸೇರಿ ಅಳಿಸಿದ್ವಿ. ಇನ್ನು ನಿನ್ನ ಮುಖ ನೋಡಿದಾಗೆಲ್ಲ ನಂಗೆ ಅದೇ ನೆನಪಾಗುತ್ತೆ."

ಅವಳಿಗೂ ಅದೇ ನೆನಪಾಗುತ್ತಿತ್ತು. ಅದಕ್ಕೇ ಅವನನ್ನು ತಡೆಯಲಿಲ್ಲ.

ಅವನು ಹೋದ ಮೇಲೆ ಡಬ್ಬಿ ತೆರೆದಳು. ಒಳಗೆ ಬಿಳಿ ಹತ್ತಿಯ ಗ್ಲೌಸು, ಒಂದು ಜೊತೆ. ಅವಳ ಬೆರಳುಗಳು ಗಿಡ್ಡ. ಅಂಗಡಿಯ ಗ್ಲೌಸು ಯಾವಾಗಲೂ ತುದಿಯಲ್ಲಿ ಜೋಲುತ್ತಿತ್ತು. ಇವು ಸರಿಯಾಗಿ ಕೂತವು.

ಎರಡು ತಿಂಗಳು ಅವನು ಆ ಬೀದಿಗೆ ಬರಲಿಲ್ಲ. ಅವಳು ಬೇರೆಯವರ ಕೊಳವೆಗಳನ್ನು ಬೆಳಗಿದಳು. ಹೊಳಪಿನಲ್ಲಿ ತನ್ನ ಮುಖ ಕಂಡಾಗ ಕೊಳವೆ ಬೇರೆ ಕಡೆ ತಿರುಗಿಸುತ್ತಿದ್ದಳು. ಆಂದೊಯ್ ಚೇಷ್ಟೆ ಮಾಡುವುದನ್ನು ಬಿಟ್ಟ. ದಿನಾ ಅವಳ ಬೆಂಚಿನ ಮೇಲೆ ಕಾಫಿ ಇಟ್ಟು ಲೇತಿಗೆ ಮರಳುತ್ತಿದ್ದ. ಒಂದು ಸಂಜೆ, ಡೆಲ್ಫಿನ್‌ನ ಹಡಗು ನಾಳೆ ಎಂದು ಮಾತ್ರ ಹೇಳಿದ.

ಮಾರನೆಯ ಬೆಳಿಗ್ಗೆ ಡೆಲ್ಫಿನ್ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಅಂಗಿ ಜೇಬಿನಲ್ಲಿದ್ದ ಕೊಳವೆಗೆ ಮೇಣವಿರಲಿಲ್ಲ. ಅದರ ಮೈಯೆಲ್ಲ ಕಂದು ಬೆರಳಚ್ಚು.

"ಇನ್ನು ಪಾಲಿಶ್ ಮಾಡಿಸಲ್ಲ. ಕಪ್ಪಾಗ್ಲಿ."

"ಕಪ್ಪಾದ್ರೆ ಒಳ್ಳೇದೇ, ನೋಂಗ್. ಆ ಪದರ ಒಳಗಿನ ತಾಮ್ರನ ಕಾಯುತ್ತೆ." "ಬ್ಯಾಟರಿ ತಾಗೋ ಜಾಗ ಮಾತ್ರ ವಾರಕ್ಕೊಮ್ಮೆ ಒಣಬಟ್ಟೇಲಿ ಒರೆಸಿ. ಮರೀಬೇಡಿ."

ಅವನು ತಲೆಯಾಡಿಸಿದ. ಜೀಪ್ನಿ ಕಾಯುತ್ತಿತ್ತು.

ಸ್ಟೀಲ್ ಡಬ್ಬಿ ಅವಳ ಹಿಂದಿನ ಕಪಾಟಿನಲ್ಲಿ ತೊಳೆದು ಬೋರಲಾಗಿತ್ತು. ಅವಳು ಅದಕ್ಕೆ ಕೈ ಹಾಕಲಿಲ್ಲ. ಬೆಂಚಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದಳು. ಕೆಂಡದ ಮೇಲೆ ಬಾಡಿಸಿದ ಬಾಳೆಲೆ, ಬಾಳೆನಾರಿನ ಕಟ್ಟು. ಎಲೆಯಲ್ಲಿ ಹುಳಿ ನಿಲ್ಲುವುದಿಲ್ಲವೆಂದು ಬೆಳಿಗ್ಗೆ ಎದ್ದು ಹೂಮೀನು ಹುರಿದಿದ್ದಳು, ಮುಳ್ಳು ಬಿಡಿಸಿ ಅನ್ನದ ಮೇಲಿಟ್ಟಿದ್ದಳು. ಉಂಡು ಎಸೆದರಾಯಿತು. ಎಲೆಯನ್ನು ಹಿಂದಿರುಗಿಸಬೇಕಾಗಿಲ್ಲ.

ಅವನ ಕಣ್ಣು ಕಪಾಟಿನ ಡಬ್ಬಿಗೆ ಹೋಯಿತು, ಎಲೆಗೆ ಬಂತು, ಅಲ್ಲೇ ನಿಂತಿತು. ಗೊತ್ತಾಯಿತು ಅವನಿಗೆ. ಎರಡೂ ಕೈ ಮುಂದೆ ಚಾಚಿದ.

ಅವಳು ಬಿಸಿ ಆರದ ಪೊಟ್ಟಣವನ್ನು ಬರಿಗೈಯಲ್ಲಿ ಅವನ ಕೈಗಿಟ್ಟಳು.